ಎರಡು ಬಿಳಿ, ಎರಡು ರೋಗ: ಉಪ್ಪುನೀರಿನ ತೊಟ್ಟಿಯ 81 ದಿನ

ಹೊಸ ಮೀನನ್ನೂ ರೋಗದ ಮೀನನ್ನೂ ಬೇರೆ ಇಡೋಕೆ ಅಂತ ಇರೋ ನನ್ನ ಆಸ್ಪತ್ರೆ ತೊಟ್ಟಿಯಲ್ಲಿ ಎರಡು ವರ್ಷದಿಂದ ಉಪ್ಪಿನ ಚೀಲ, ಕೆಟ್ಟ ಪಂಪು, ತುಂಡು ಪೈಪು ತುಂಬಿಕೊಂಡಿದ್ದವು. ಹೊಸ ಕ್ಲೌನ್‌ಫಿಶ್ ಜೋಡಿ ಮನೆಗೆ ಬಂದ ದಿನ ಅದನ್ನು ಖಾಲಿ ಮಾಡೋಕೆ ಬೇಜಾರಾಯಿತು. ಮೀನು ಚೆನ್ನಾಗೇ ಕಾಣಿಸುತ್ತಿದ್ದವು, ತಿನ್ನುತ್ತಿದ್ದವು. ಸೀದಾ ದೊಡ್ಡ ತೊಟ್ಟಿಗೇ ಬಿಟ್ಟೆ. ಈ ಬರಹದಲ್ಲಿ ಇರೋದೆಲ್ಲ ಆ ಒಂದು ಬೇಜಾರಿನ ಬಿಲ್ಲು.

ದೊಡ್ಡ ತೊಟ್ಟಿ ಸುಮಾರು 400 ಲೀಟರಿನದು. ಒಳಗೆ ಎರಡು ಮೀನು, ಒಂದು ಹಳದಿ ಟ್ಯಾಂಗ್, ಒಂದು ರಾಯಲ್ ಗ್ರಾಮಾ; ಜೊತೆಗೆ ಎರಡು ಕ್ಲೀನರ್ ಸೀಗಡಿ, ಒಂದಷ್ಟು ಬಸವನಹುಳು, ಕೆಲವು ಮೆತ್ತನೆ ಹವಳ. ಉಷ್ಣತೆ 26 ಡಿಗ್ರಿ, ಉಪ್ಪುನೀರಿನ ಸಾಂದ್ರತೆ 1.025. ಕ್ಲೌನ್ ಬಿಟ್ಟ ದಿನವನ್ನು ಸೊನ್ನೆ ಅಂತ ಇಟ್ಟುಕೊಂಡು ದಿನ ಎಣಿಸಿದ್ದೇನೆ.

ದಿನ 4, ಸಂಜೆ

ಟ್ಯಾಂಗ್ ಬಂಡೆಗೆ ಮೈ ಉಜ್ಜುತ್ತಿತ್ತು. ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದೆ. ರೆಕ್ಕೆಯ ಮೇಲೆ ಉಪ್ಪಿನ ಹರಳು ಅಂಟಿದ ಹಾಗೆ ಏಳೆಂಟು ಬಿಳಿ ಚುಕ್ಕೆ. ಒಂದೊಂದೂ ಬಿಡಿಬಿಡಿಯಾಗಿ, ಸ್ವಲ್ಪ ಉಬ್ಬಿಕೊಂಡಿದ್ದವು. ಆಮೇಲೆ ಕ್ಲೌನ್‌ಗಳನ್ನು ನೋಡಿದೆ. ಚಿಕ್ಕದರ ಮೈಮೇಲೂ ಬಿಳಿ ಇತ್ತು, ಆದರೆ ಚುಕ್ಕೆ ಅಲ್ಲ. ಬೆನ್ನಿನ ಕಿತ್ತಳೆ ಬಣ್ಣದ ಮೇಲೆ ಹಾಲಿನ ಕೆನೆ ಸವರಿದ ಹಾಗೆ ಒಂದು ಪದರ. ಬಾಲದ ಹತ್ತಿರ ಅದು ದಾರದ ಹಾಗೆ ಬಿಟ್ಟುಕೊಂಡು ತೇಲುತ್ತಿತ್ತು. ಉಸಿರು ಜೋರು. ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ತೆಗೆದು ಕಿವಿರಿನ ಬಡಿತ ಎಣಿಸಿದೆ: 70. ಟ್ಯಾಂಗಿನದು ಅದೇ ಅರ್ಧ ನಿಮಿಷಕ್ಕೆ 45.

ಈ ವ್ಯತ್ಯಾಸ ಕಣ್ಣಮುಂದೆಯೇ ಇತ್ತು. ಬರೆದೂ ಇಟ್ಟುಕೊಂಡೆ. ಆದರೂ ತಲೆ ಹೇಳಿದ್ದು ಒಂದೇ ಮಾತು: ಬಿಳಿ ಬಂದಿದೆ, ಇಕ್ ಬಂದಿದೆ, ತಾಮ್ರ ಹಾಕು. ಉಪ್ಪುನೀರು ಸಾಕೋರಿಗೆ ಇದು ಬಾಯಿಪಾಠ. ಇಕ್ ಅಂದರೆ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಅನ್ನೋ ಏಕಕೋಶ ಪರಜೀವಿ, ಅದಕ್ಕೆ ತಾಮ್ರ ಹಳೇ ಮದ್ದು. ತಾಮ್ರ ದೊಡ್ಡ ತೊಟ್ಟಿಗೆ ಹಾಕೋ ಹಾಗಿಲ್ಲ. ಸೀಗಡಿ, ಬಸವನಹುಳು, ಹವಳ ಎಲ್ಲ ಸಾಯುತ್ತವೆ. ಅದಕ್ಕೇ ಆಸ್ಪತ್ರೆ ತೊಟ್ಟಿ ಬೇಕು.

ದಿನ 4, ರಾತ್ರಿ: ತೊಟ್ಟಿ ಕಟ್ಟಿದ್ದು

ಚೀಲಗಳನ್ನೆಲ್ಲ ಕೆಳಗಿಳಿಸಿ ತೊಟ್ಟಿ ತೊಳೆದೆ. ಹೊರ ಅಳತೆ 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರ. ನೀರು 30ರವರೆಗೆ. ಲೆಕ್ಕ ಹಾಕಿದರೆ 54 ಲೀಟರ್. ಆದರೆ ಗಾಜು 6 ಮಿ.ಮೀ. ದಪ್ಪ, ಎರಡೂ ಕಡೆ ಕಳೆದರೆ ಒಳಗೆ 58.8 ಮತ್ತು 28.8 ಮಾತ್ರ. ಆಗ 50.8 ಲೀಟರ್. ಪೈಪು, ಹೀಟರ್ ಜಾಗ ತಿನ್ನುತ್ತವೆ, ಅಲ್ವಾ? ಕೊನೆಗೆ 10 ಲೀಟರಿನ ಬಕೆಟ್ಟಲ್ಲೇ ಎಣಿಸಿ ಸುರಿದೆ. ಸರಿಯಾಗಿ ಐದು ಬಕೆಟ್. ಗೋಡೆ ಬಣ್ಣಕ್ಕೆ ಇಷ್ಟು ಲೆಕ್ಕ ಬೇಡ. ತಾಮ್ರಕ್ಕೆ ಬೇಕು. ಕಡಿಮೆಯಾದರೆ ಪರಜೀವಿ ಸಾಯೋದಿಲ್ಲ, ಜಾಸ್ತಿಯಾದರೆ ಮೀನು ಸಾಯುತ್ತದೆ, ಮಧ್ಯದ ದಾರಿ ತೀರಾ ಕಿರಿದು.

ತಳಕ್ಕೆ ಮರಳಿಲ್ಲ. ಅಡಗಿಕೊಳ್ಳೋಕೆ ಪಿವಿಸಿ ಪೈಪಿನ ಮೊಣಕೈ ತುಂಡು ನಾಲ್ಕು. ಹೀಟರ್, ಗಾಳಿ ಪಂಪು. ದೊಡ್ಡ ತೊಟ್ಟಿಯ ಕೆಳಗಿನ ಸಂಪಿನಲ್ಲಿ ತಿಂಗಳುಗಟ್ಟಲೆ ನೆನೆದಿದ್ದ ಸ್ಪಂಜು ಫಿಲ್ಟರ್. ಅದರಲ್ಲಿ ಮೀನಿನ ಕೊಳೆಯಿಂದ ಬರೋ ವಿಷ, ಅಂದರೆ ಅಮೋನಿಯಾ, ತಿನ್ನೋ ಬ್ಯಾಕ್ಟೀರಿಯಾ ಆಗಲೇ ಮನೆ ಮಾಡಿರುತ್ತವೆ. ಮೂರು ಕಡೆ ಗಾಜಿಗೆ ಬಟ್ಟೆ ಸುತ್ತಿದೆ. ಅಷ್ಟೇ ತೊಟ್ಟಿ. ನೋಡೋಕೆ ಚೆಂದ ಇಲ್ಲ, ಇರಬೇಕಾಗೂ ಇಲ್ಲ.

ಮೀನು ಹಿಡಿಯೋದೇ ದೊಡ್ಡ ಯುದ್ಧ. ಕ್ಲೌನ್‌ಗಳು ಬಳಲಿದ್ದವು, ಡಬ್ಬಕ್ಕೆ ತಾವೇ ಬಂದವು. ಟ್ಯಾಂಗಿಗೆ ಬಲೆ ಹಾಕಬಾರದು. ಬಾಲದ ಬುಡದಲ್ಲಿ ಎರಡೂ ಕಡೆ ಚಾಕುವಿನಂಥ ಮುಳ್ಳಿದೆ, ಬಲೆಯ ಎಳೆಗೆ ಸಿಕ್ಕಿ ಒದ್ದಾಡುತ್ತದೆ, ನಮ್ಮ ಕೈಯನ್ನೂ ಕುಯ್ಯುತ್ತದೆ. ಪಾರದರ್ಶಕ ಡಬ್ಬದಲ್ಲಿ ಮೂಲೆಗೆ ಒತ್ತಿ ಹಿಡಿದೆ. ಗ್ರಾಮಾ ಮಾತ್ರ ಬಂಡೆಯ ಬಿಲ ಬಿಡಲಿಲ್ಲ. ದೀಪ ಆರಿಸಿ, ಅರ್ಧ ಬಂಡೆ ಹೊರತೆಗೆದು, ಅದು ಡಬ್ಬಕ್ಕೆ ಬಿದ್ದಾಗ ಗಂಟೆ ಎರಡು ದಾಟಿತ್ತು.

ಟ್ಯಾಂಗನ್ನು ಬಿಡುವ ಮೊದಲು ಸಿಹಿನೀರಿನಲ್ಲಿ 5 ನಿಮಿಷ ಮುಳುಗಿಸಿದೆ. ಇದು ಮದ್ದಿಗಿಂತ ಪರೀಕ್ಷೆ ಅಂತಲೇ ಹೇಳಬೇಕು. ಚಪ್ಪಟೆ ಹುಳುಗಳು, ಫ್ಲೂಕ್ ಅಂತಾರಲ್ಲ ಅವು, ಮೈಮೇಲೆ ಇದ್ದರೆ ಪಾರದರ್ಶಕವಾಗಿರೋದರಿಂದ ಕಣ್ಣಿಗೆ ಬೀಳೋದೇ ಇಲ್ಲ. ಸಿಹಿನೀರು ತಾಗಿದಾಗ ಬೆಳ್ಳಗಾಗಿ ಎಳ್ಳಿನ ಹಾಗೆ ಉದುರುತ್ತವೆ. ಕಪ್ಪು ಟಬ್ ತಗೊಂಡರೆ ತಳದಲ್ಲಿ ಚೆನ್ನಾಗಿ ಕಾಣುತ್ತವೆ. ನೀರಿನ ಉಷ್ಣತೆ ತೊಟ್ಟಿಯದ್ದಕ್ಕೇ ಸಮ ಇರಬೇಕು, ಪಿಎಚ್ ಕೂಡ. ಅದಕ್ಕೆ ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿ 8.2ಕ್ಕೆ ತಂದೆ. ಟ್ಯಾಂಗ್ ಒಂದು ನಿಮಿಷ ಪಕ್ಕಕ್ಕೆ ವಾಲಿ ಮಲಗಿತು, ನನ್ನ ಜೀವ ಬಾಯಿಗೆ ಬಂತು. ಆಮೇಲೆ ನೆಟ್ಟಗಾಯಿತು. ತಳದಲ್ಲಿ ಏನೂ ಉದುರಿರಲಿಲ್ಲ. ಹುಳು ಅಲ್ಲ ಅಂತ ಆಯಿತು.

ಆಮೇಲೆ ತಾಮ್ರದ ಅರ್ಧ ಡೋಸ್ ಹಾಕಿ ಮಲಗಿದೆ.

ದಿನ 5

ತಾಮ್ರದ ಬಗ್ಗೆ ಒಂದು ಮಾತು, ಯಾಕಂದರೆ ಇಲ್ಲಿ ತುಂಬ ಜನ ಎಡವುತ್ತಾರೆ. ಬಾಟಲಿ ಬಾಟಲಿಗೂ ಗುರಿ ಬೇರೆ. ಬರೀ ತಾಮ್ರದ ಸಲ್ಫೇಟ್ ಆದರೆ ಲೀಟರಿಗೆ 0.15ರಿಂದ 0.20 ಮಿ.ಗ್ರಾಂ. ಅಮೈನ್ ಬಗೆಯದ್ದಕ್ಕೆ 0.5ರ ಆಸುಪಾಸು. ಕೀಲೇಟ್ ಮಾಡಿದ್ದಕ್ಕೆ, ಅಂದರೆ ತಾಮ್ರವನ್ನು ಇನ್ನೊಂದು ವಸ್ತುವಿಗೆ ಕಟ್ಟಿಹಾಕಿದ್ದಕ್ಕೆ, ಬಾಟಲಿ ನೋಡಿಕೊಂಡು, 1.5ರಿಂದ 2.5. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿದರೆ ಒಂದೋ ಮದ್ದೇ ಅಲ್ಲ, ಇಲ್ಲವೇ ವಿಷ. ನನ್ನದು ಕೀಲೇಟ್ ಬಗೆ, ಗುರಿ 2.25. ಅಳೆಯೋಕೆ ಡಿಜಿಟಲ್ ಮೀಟರ್ ಇತ್ತು. ಬಣ್ಣದ ಕಾರ್ಡಿನ ಮೇಲೆ ಎರಡು ನೀಲಿಯ ನಡುವೆ ತೀರ್ಪು ಕೊಡೋ ಶಕ್ತಿ ನನ್ನ ಕಣ್ಣಿಗಿಲ್ಲ.

ರಾತ್ರಿ ಮೀಟರ್ 1.1 ಅಂದಿತ್ತು. ಸಂಜೆ ನೋಡಿದರೆ 0.9. ನೀರು ಬದಲಿಸಿಲ್ಲ, ಸೋರಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಗ್ರಾಮಾಗೆ ಪಾಪ ಅನಿಸಿ ಒಂದು ಒಣಗಿದ ಹವಳದ ಕಲ್ಲು ಒಳಗಿಟ್ಟಿದ್ದೆ. ಸುಣ್ಣದ ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತದೆ. ಪಿವಿಸಿ ಮೊಣಕೈ ಹಾಕಿದ್ದೇ ಅದಕ್ಕೆ, ಆದರೂ ಕರುಣೆಯ ಹೆಸರಲ್ಲಿ ಕಲ್ಲು ಇಟ್ಟಿದ್ದೆ. ತೆಗೆದೆಸೆದೆ.

ಚಿಕ್ಕ ಕ್ಲೌನ್ ಮೇಲಿನ ಮೂಲೆಯಲ್ಲಿ ಬಾಯಿ ತೆರೆದು ನಿಂತಿತ್ತು. ಕೆನೆ ಈಗ ಮುಖಕ್ಕೂ ಬಂದಿತ್ತು. ದೊಡ್ಡ ಕ್ಲೌನಿನ ಬೆನ್ನಲ್ಲೂ ಬಣ್ಣ ಮಂಕಾಗಿತ್ತು. ತಾಮ್ರ ಇನ್ನೂ ಗುರಿ ಮುಟ್ಟಿಲ್ಲ, ಅದಕ್ಕೇ ಇಳಿದಿಲ್ಲ ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ದಿನ 6

ಬೆಳಗ್ಗೆ ಐದೂವರೆಗೆ ಎದ್ದಾಗ ಚಿಕ್ಕ ಕ್ಲೌನ್ ಮೊಣಕೈ ಪೈಪಿನ ಪಕ್ಕ ಬಿದ್ದಿತ್ತು. ಕಣ್ಣು ಇನ್ನೂ ತಿಳಿಯಾಗಿತ್ತು, ಕಿವಿರು ಕೆಂಪಾಗಿತ್ತು. ಅಂದರೆ ಸತ್ತು ಜಾಸ್ತಿ ಹೊತ್ತಾಗಿರಲಿಲ್ಲ. ಇದು ಮುಖ್ಯ. ಮೀನು ಸತ್ತ ಮೇಲೆ ಪರಜೀವಿಗಳು ಬೇಗ ಮೈ ಬಿಟ್ಟು ಹೋಗುತ್ತವೆ, ಆಮೇಲೆ ನೋಡಿದರೆ ಏನೂ ಸಿಗೋದಿಲ್ಲ.

ಕಪಾಟಿನಲ್ಲಿ ಶಾಲಾ ಮಕ್ಕಳ ಮಟ್ಟದ ಒಂದು ಸೂಕ್ಷ್ಮದರ್ಶಕ ಇತ್ತು. ಅದನ್ನು ಮೊದಲ ದಿನವೇ ತೆಗೆದಿದ್ದರೆ? ಬಿಡಿ. ಕೈಗೆ ಗ್ಲೌಸ್ ಹಾಕಿಕೊಂಡೆ. ಮೀನಿನ ನೀರಲ್ಲಿ ಮೈಕೋಬ್ಯಾಕ್ಟೀರಿಯಂ ಮರೈನಂ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಬೆರಳಿನ ಗಾಯಕ್ಕೆ ಸೇರಿದರೆ ತಿಂಗಳುಗಟ್ಟಲೆ ವಾಸಿಯಾಗದ ಗಂಟಾಗುತ್ತದೆ. ಗಾಜಿನ ಕವರ್‌ಸ್ಲಿಪ್ಪಿನ ಅಂಚಿನಿಂದ ಎದೆಯ ರೆಕ್ಕೆಯ ಹಿಂದಿನಿಂದ ಬಾಲದ ಕಡೆಗೆ, ಹುರುಪೆ ಮಲಗಿರೋ ದಿಕ್ಕಲ್ಲೇ, ಮೆಲ್ಲಗೆ ಒಂದು ಸಲ ಸವರಿದೆ. ಲೋಳೆ ಬಂತು. ಅದನ್ನು ಸ್ಲೈಡಿನ ಮೇಲೆ, ಅದೇ ತೊಟ್ಟಿಯ ಒಂದು ಹನಿ ನೀರಲ್ಲಿ ಇಟ್ಟೆ. ನಲ್ಲಿ ನೀರು ಹಾಕಿದರೆ ಜೀವಿಗಳು ಉಬ್ಬಿ ಒಡೆದು ಹೋಗುತ್ತವೆ.

40 ಪಟ್ಟಿನಲ್ಲಿ ಬರೀ ಮಂಜು, ನಡುವೆ ಏನೋ ಮಿಡುಕಾಟ. 100 ಪಟ್ಟಿಗೆ ಹಾಕಿ ಫೋಕಸ್ ತಿರುಗಿಸಿದೆ. ಕುರ್ಚಿಯ ತುದಿಗೆ ಬಂದೆ. ಒಂದಲ್ಲ ಎರಡಲ್ಲ, ಒಂದೇ ನೋಟದಲ್ಲಿ ಇಪ್ಪತ್ತಕ್ಕೂ ಜಾಸ್ತಿ. ಹುರುಳಿಕಾಳಿನ ಆಕಾರ, ಒಂದು ಪಕ್ಕ ಸ್ವಲ್ಪ ತಗ್ಗು. ಚಪ್ಪಟೆಯಾಗಿ ಜೀವಕೋಶದ ರಾಶಿಗೆ ಹೊಟ್ಟೆ ಹಚ್ಚಿಕೊಂಡು ಜಾರುತ್ತಿದ್ದವು, ಮೂತಿ ಹಾಕಿ ಕೆದಕುತ್ತಿದ್ದವು. ಒಂದು ಚರ್ಮದ ಚೂರಿನ ಅಡಿಗೆ ನುಗ್ಗಿ ಇನ್ನೊಂದು ಕಡೆ ಹೊರಬಂತು. ಹಸಿದ ಕುರಿ ಮಂದೆ ಮೇಯೋ ಹಾಗೆ.

ಇದು ಇಕ್ ಅಲ್ಲವೇ ಅಲ್ಲ. ಬ್ರುಕ್ಲಿನೆಲ್ಲಾ ಹೋಸ್ಟಿಲಿಸ್. ಕ್ಲೌನ್‌ಫಿಶ್ ರೋಗ ಅಂತಲೇ ಇದಕ್ಕೆ ಅಡ್ಡಹೆಸರು, ಸಮುದ್ರದಿಂದ ಹಿಡಿದು ತಂದ ಕ್ಲೌನ್‌ಗಳಲ್ಲಿ ಜಾಸ್ತಿ. ಇಕ್ ಮೈ ಬಿಟ್ಟು ತಳಕ್ಕೆ ಬಿದ್ದು ಅಲ್ಲಿ ಮರಿ ಮಾಡುತ್ತದೆ. ಇದು ಮೀನಿನ ಮೈಮೇಲೇ ಒಂದು ಎರಡಾಗಿ, ಎರಡು ನಾಲ್ಕಾಗಿ ಸೀಳಿಕೊಂಡು ಹೋಗುತ್ತದೆ. ಅದಕ್ಕೇ ಅಷ್ಟು ವೇಗ. ಮೀನು ತಡೆಯೋಕೆ ಲೋಳೆ ಸುರಿಸುತ್ತದೆ, ಅದೇ ಆ ಕೆನೆ. ಕಿವಿರು ಕಟ್ಟಿಕೊಳ್ಳುತ್ತದೆ. ಚರ್ಮ ಹರಿದರೆ ಇನ್ನೊಂದು ಪಾಡು: ಸುತ್ತ ಉಪ್ಪು ಜಾಸ್ತಿ ಇರೋದರಿಂದ ಮೈಯೊಳಗಿನ ನೀರು ಹೊರಗೆ ಹರಿಯುತ್ತದೆ. ನೀರೊಳಗೇ ಇದ್ದು ಮೀನು ಒಣಗುತ್ತದೆ. ಇದಕ್ಕೆ ತಾಮ್ರ ಹತ್ತೋದಿಲ್ಲ. ಎರಡು ದಿನ ನಾನು ಸುಮ್ನೆ ತಾಮ್ರ ಎಣಿಸುತ್ತಾ ಕೂತಿದ್ದೆ.

ಹಾಗಾದರೆ ಟ್ಯಾಂಗಿನದು? ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಲದ ಮುಳ್ಳು ಮುಚ್ಚಿ, ಚುಕ್ಕೆ ಇದ್ದ ಜಾಗದಲ್ಲಿ ಒಂದೇ ಸವರು. ಎಲ್ಲ ಸೇರಿ ಅರ್ಧ ನಿಮಿಷ. ಸ್ಲೈಡಿನಲ್ಲಿ ಹುರುಳಿಕಾಳು ಒಂದೂ ಇಲ್ಲ. ಬದಲಿಗೆ ಒಂದು ದೊಡ್ಡ ಕಪ್ಪು ಚೆಂಡು. ಅಂಚಿನಲ್ಲಿ ಸಣ್ಣ ಕೂದಲು ಮಿನುಗುತ್ತಿದ್ದವು. ಚೆಂಡು ನಿಂತಲ್ಲೇ ನಿಧಾನಕ್ಕೆ ಉರುಳುತ್ತಿತ್ತು, ಬೆಳಕು ಒಳಗೆ ಹೋಗದಷ್ಟು ದಟ್ಟ. ಇದು ಇಕ್. ಉರುಳದೆ ಸುಮ್ಮನೆ ಬೇರು ಬಿಟ್ಟು ಕೂತ ಕಂದು ಬಣ್ಣದ ಪೇರಳೆ ಆಕಾರ ಕಂಡಿದ್ದರೆ ವೆಲ್ವೆಟ್, ಅಂದರೆ ಅಮೈಲೋಡಿನಿಯಂ. ಆಗ ಕತೆ ಇನ್ನೂ ಕೆಟ್ಟದಾಗಿರುತ್ತಿತ್ತು. ವೆಲ್ವೆಟ್ಟಿನಲ್ಲಿ ಮೈಮೇಲೆ ಧೂಳು ಬಿದ್ದ ಹಾಗೆ ಕಾಣೋ ಹೊತ್ತಿಗೆ ಕಿವಿರು ಹಾಳಾಗಿರುತ್ತದೆ. ಎಷ್ಟೋ ಸಲ ಚುಕ್ಕೆಯೇ ಕಾಣೋದಿಲ್ಲ, ಮೀನು ಬೆಳಕಿಗೆ ಹೆದರಿ, ಪಂಪಿನ ನೀರಿಗೆ ಎದುರಾಗಿ ನಿಲ್ಲುತ್ತದೆ, ಎರಡು ಮೂರು ದಿನಕ್ಕೆ ಎಲ್ಲ ಖಾಲಿ.

ಎರಡು ಬಿಳಿ, ಎರಡು ರೋಗ, ಒಂದೇ ತೊಟ್ಟಿ. ನಾಲ್ಕೂ ಮೀನು ಒಂದೇ ನೀರಲ್ಲಿದ್ದವು. ಅಂದರೆ ಪ್ರತಿಯೊಂದಕ್ಕೂ ಎರಡೂ ರೋಗ ಇದೆ ಅಂತಲೇ ಹಿಡಿಯಬೇಕು.

ದಿನ 6, ಮಧ್ಯಾಹ್ನ: ಫಾರ್ಮಲಿನ್

ಬ್ರುಕ್ಲಿನೆಲ್ಲಾಗೆ ನಾನು ನಂಬೋ ಮದ್ದು ಫಾರ್ಮಲಿನ್ ಸ್ನಾನ. ನಂಬುತ್ತೇನೆ, ಇಷ್ಟಪಡೋದಿಲ್ಲ. 37 ಶೇಕಡಾ ಫಾರ್ಮಾಲ್ಡಿಹೈಡ್ ಅದು, ಕ್ಯಾನ್ಸರ್ ತರೋ ವಸ್ತು. ಮೂಗಿಗೆ ತಾಗಿದರೆ ಕಣ್ಣಲ್ಲಿ ನೀರು. ಕಿಟಕಿ ತೆರೆದು, ಗ್ಲೌಸ್, ಕನ್ನಡಕ ಹಾಕಿಕೊಂಡೇ ಮುಟ್ಟಬೇಕು. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಇದ್ದರೆ ಬಳಸಬಾರದು, ಅದು ಮೀನಿಗೆ ಇನ್ನೂ ವಿಷ.

ಅಳತೆ: 10 ಲೀಟರ್ ಉಪ್ಪುನೀರಿಗೆ 1.5 ಮಿ.ಲೀ., ಅಂದರೆ 150 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 150 ಭಾಗ). ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು ಮೊದಲು ಒಂದು ಲೋಟ ಉಪ್ಪುನೀರಿಗೆ ಬೆರೆಸಿ, ಆಮೇಲೆ ಬಕೆಟ್ಟಿಗೆ. ಫಾರ್ಮಲಿನ್ ನೀರಿನ ಆಮ್ಲಜನಕ ತಿನ್ನುತ್ತದೆ. ಅದಕ್ಕೆ ಗಾಳಿ ಕಲ್ಲು ಒಂದಲ್ಲ, ಎರಡು, ಕುದಿಯೋ ಹಾಗೆ ಬಿಡಬೇಕು. 45 ನಿಮಿಷ. ನಾನು ಬಕೆಟ್ ಬಿಟ್ಟು ಏಳಲಿಲ್ಲ. ಮೀನು ಮಗುಚಿದರೆ ತಕ್ಷಣ ತೆಗೆಯಬೇಕು.

ದೊಡ್ಡ ಕ್ಲೌನ್ ಹತ್ತನೇ ನಿಮಿಷಕ್ಕೆ ಮೈ ಕೊಡವಿತು. ಬೆನ್ನಿನ ಕೆನೆ ಒಂದು ತುದಿಯಿಂದ ಎದ್ದು, ಒದ್ದೆ ಕಾಗದ ಸುಲಿದ ಹಾಗೆ ಬಿಟ್ಟುಕೊಂಡಿತು. ಅರ್ಧ ಗಂಟೆಗೆ ಬಕೆಟ್ ನೀರೆಲ್ಲ ಮಬ್ಬು, ನೂಲು ನೂಲು ಲೋಳೆ. ಕೆಳಗಿನ ಕಿತ್ತಳೆ ಬಣ್ಣ ಅಲ್ಲಲ್ಲಿ ಕೆಂಪಾಗಿ ಹಸಿಯಾಗಿತ್ತು. ನೋಡೋಕೆ ಭಯ, ಆದರೆ ಉಸಿರು ಮಾತ್ರ ಇಳಿದಿತ್ತು. ಅರ್ಧ ನಿಮಿಷಕ್ಕೆ 58.

ಟ್ಯಾಂಗ್, ಗ್ರಾಮಾ ಎರಡಕ್ಕೂ 20 ಲೀಟರ್ ಟಬ್ಬಿನಲ್ಲಿ 3 ಮಿ.ಲೀ. ಹಾಕಿ ಅರ್ಧ ಗಂಟೆ ಸ್ನಾನ. ಅಷ್ಟರಲ್ಲಿ ಆಸ್ಪತ್ರೆ ತೊಟ್ಟಿಯ ನೀರೆಲ್ಲ ಚೆಲ್ಲಿ, ಪೈಪು, ಹೀಟರ್, ಸ್ಪಂಜು ಎಲ್ಲ ಬ್ಲೀಚಿನಲ್ಲಿ ತೊಳೆದು, ಕ್ಲೋರಿನ್ ಹೋಗೋವರೆಗೆ ಜಾಲಿಸಿ, ಹೊಸ ಉಪ್ಪುನೀರು ತುಂಬಿದೆ. ಸ್ಪಂಜಿನ ಒಳ್ಳೇ ಬ್ಯಾಕ್ಟೀರಿಯಾವೂ ಅಲ್ಲಿಗೆ ಸತ್ತವು. ಗೊತ್ತಿದ್ದೇ ಮಾಡಿದೆ. ಆ ನೀರಲ್ಲಿ ಬ್ರುಕ್ಲಿನೆಲ್ಲಾ ಉಳಿಸಿಕೊಂಡು ತಾಮ್ರ ಹಾಕಿ ಪ್ರಯೋಜನವಿರಲಿಲ್ಲ.

ಕ್ಲೌನಿಗೆ ಒಂದೇ ಕಲ್ಲಿಗೆ ಎರಡು ಹಕ್ಕಿ

ಕ್ಲೌನನ್ನು ತಾಮ್ರಕ್ಕೆ ಹಾಕೋಕೆ ಮನಸ್ಸಾಗಲಿಲ್ಲ, ಚರ್ಮ ಹಸಿಯಾಗಿತ್ತು. ಆದರೆ ಅದಕ್ಕೂ ಇಕ್ ಇರಬಹುದಲ್ಲ. ಇಲ್ಲಿ ಇಕ್‌ನ ಬದುಕಿನ ಲೆಕ್ಕ ಕೈಹಿಡಿಯಿತು. ಅದು ಮೀನಿನ ಮೈಮೇಲೆ 3ರಿಂದ 7 ದಿನ ಇರುತ್ತದೆ. ಆಮೇಲೆ ಉದುರಿ, ತಳಕ್ಕೋ ಗಾಜಿಗೋ ಅಂಟಿ, ಗೂಡು ಕಟ್ಟಿಕೊಳ್ಳುತ್ತದೆ. ಗೂಡಿನಿಂದ ಮರಿ ಹೊರಬರೋಕೆ ಕನಿಷ್ಠ ಮೂರು ದಿನ ಬೇಕು. ಅಂದರೆ ಪ್ರತಿ 72 ಗಂಟೆಗೆ ಮೀನನ್ನು ತೊಳೆದು ಒಣಗಿಸಿ ಹೊಸ ಉಪ್ಪುನೀರು ತುಂಬಿದ ಬೇರೆ ಟಬ್ಬಿಗೆ ಸಾಗಿಸಿದರೆ, ಉದುರಿದ ಗೂಡೆಲ್ಲ ಹಿಂದೆಯೇ ಉಳಿಯುತ್ತವೆ. ನಾಲ್ಕು ಸಲ ಸಾಗಿಸಿದರೆ ಮೈಮೇಲೆ ಏನೂ ಉಳಿಯೋದಿಲ್ಲ. ಮದ್ದೇ ಬೇಡ.

ಫಾರ್ಮಲಿನ್ ಸ್ನಾನವನ್ನೂ ಮೂರು ದಿನಕ್ಕೊಮ್ಮೆ ಮಾಡಬೇಕೆಂದಿದ್ದೆ. ಎರಡನ್ನೂ ಒಂದಕ್ಕೊಂದು ಕೂಡಿಸಿದೆ. 25 ಲೀಟರಿನ ಎರಡು ಪ್ಲಾಸ್ಟಿಕ್ ಟಬ್ಬು, ಎರಡು ಹೀಟರ್, ಎರಡು ಗಾಳಿ ಕಲ್ಲು. 6ನೇ ದಿನ ಸ್ನಾನ ಮುಗಿಸಿ ಮೊದಲ ಟಬ್ಬಿಗೆ. 9ನೇ ದಿನ ಸ್ನಾನ, ಎರಡನೇ ಟಬ್ಬು. 12ನೇ ದಿನ ಸ್ನಾನ, ಮತ್ತೆ ಮೊದಲನೆಯದು. 15, 18ಕ್ಕೆ ಬರೀ ಸಾಗಣೆ. ಖಾಲಿಯಾದ ಟಬ್ಬನ್ನು ಬ್ಲೀಚಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದೆ. ಮೀನಿನ ಜೊತೆ ಹಳೇ ನೀರು ಆದಷ್ಟು ಕಡಿಮೆ ಹೋಗಬೇಕು. ಗಾಳಿ ಕಲ್ಲನ್ನು ಸಾಗಿಸಬಾರದು, ಗೂಡು ಅದಕ್ಕೂ ಅಂಟಿರುತ್ತದೆ.

12ನೇ ದಿನ ಲೋಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬರೀ ಜೀವಕೋಶ. ಎರಡು ಸ್ಲೈಡ್ ನೋಡಿದರೂ ಹುರುಳಿಕಾಳು ಇಲ್ಲ. ಅವತ್ತೇ ಮಧ್ಯಾಹ್ನ ಒಂದು ಮೈಸಿಸ್, ಅಂದರೆ ಆಹಾರದ ಪುಟ್ಟ ಸೀಗಡಿ, ಕಚ್ಚಿತು, ಉಗುಳಿತು, ಮತ್ತೆ ಕಚ್ಚಿ ನುಂಗಿತು.

ಟ್ಯಾಂಗ್, ತಾಮ್ರ, ಅಮೋನಿಯಾ

ಈ ಸಲ ತಾಮ್ರ ನಿಧಾನಕ್ಕೆ ಏರಿಸಿದೆ. 6ನೇ ದಿನ 0.8, 7ಕ್ಕೆ 1.3, 8ಕ್ಕೆ 1.7, 10ಕ್ಕೆ 2.2. ಟ್ಯಾಂಗ್ ಎರಡು ದಿನ ಊಟ ಬಿಟ್ಟಿತು, ಒಣ ಕಡಲಪಾಚಿ ಹಾಳೆಯನ್ನೂ ಮೂಸಲಿಲ್ಲ. ತಾಮ್ರ ಏರುವಾಗ ಇದು ಆಗುತ್ತದೆ. ಏರಿಸೋದನ್ನು ಒಂದು ದಿನ ನಿಲ್ಲಿಸಿದೆ, 9ನೇ ದಿನದ ಅಂಕಿ ಇಲ್ಲದಿರೋದು ಅದಕ್ಕೇ.

ಅದೇ 9ನೇ ದಿನ ಅಮೋನಿಯಾ ಸೂಚಕ ಹಸಿರಿಗೆ ತಿರುಗಿತು, ಅಂದರೆ ಅಮೋನಿಯಾ ಏರಿತ್ತು. ಬ್ಲೀಚ್ ಮಾಡಿದ ಸ್ಪಂಜಿನ ಸಾಲ ವಸೂಲಿಗೆ ಬಂದಿತ್ತು. ಅಮೋನಿಯಾ ಕಟ್ಟಿಹಾಕೋ ದ್ರವದ ಬಾಟಲಿ ಕೈಯಲ್ಲೇ ಇತ್ತು, ಮುಚ್ಚಳ ಕೂಡ ತೆಗೆದಿದ್ದೆ. ಆಗ ನೆನಪಾಯಿತು. ಅಂಥ ದ್ರವಗಳಲ್ಲಿ ಕೆಲವು ತಾಮ್ರವನ್ನು ಅದರ ಕಟ್ಟಿನಿಂದ ಬಿಡಿಸಿ ಒಮ್ಮೆಗೇ ವಿಷ ಮಾಡುತ್ತವೆ. ಮುಚ್ಚಳ ಹಾಕಿ ಬಾಟಲಿಯನ್ನು ಬೇರೆ ಕೋಣೆಗೆ ಒಯ್ದಿಟ್ಟೆ. ಅರ್ಧ ನೀರು ಬದಲಿಸಿದೆ. ಹೊಸ ನೀರಿಗೂ ಅದೇ ಮಟ್ಟದ ತಾಮ್ರವನ್ನು ಮೊದಲೇ ಬೆರೆಸಿ, ಅಳೆದು, ಆಮೇಲೆ ಸುರಿಯಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಮಟ್ಟ ಕುಸಿಯುತ್ತದೆ. ಮುಂದಿನ ಎರಡು ವಾರ ದಿನ ಬಿಟ್ಟು ದಿನ ಇದೇ ಕೆಲಸ. ಬೆನ್ನು ನೋವು ಬಂದಿದ್ದು ಮೀನಿನಿಂದ ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ.

13ನೇ ದಿನ ಟ್ಯಾಂಗಿನ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಇಕ್‌ನ ದೊಡ್ಡ ಮೋಸ ಇದೇ. ಮದ್ದು ಹಾಕದಿದ್ದರೂ ಚುಕ್ಕೆ ಹೋಗುತ್ತವೆ, ಯಾಕಂದರೆ ಪರಜೀವಿ ಹೊಟ್ಟೆ ತುಂಬಿಸಿಕೊಂಡು ಉದುರಿರುತ್ತದೆ. ಜನ ವಾಸಿಯಾಯಿತು ಅಂತ ಮದ್ದು ನಿಲ್ಲಿಸುತ್ತಾರೆ. ಆಮೇಲೆ ಅದು ನೂರಾರು ಮರಿಗಳೊಂದಿಗೆ ವಾಪಸ್ ಬರುತ್ತದೆ. ತಾಮ್ರ ಮೈಮೇಲಿನದನ್ನು ಕೊಲ್ಲೋದಿಲ್ಲ, ಗೂಡಿನಲ್ಲಿರೋದನ್ನೂ ಕೊಲ್ಲೋದಿಲ್ಲ. ಗೂಡಿನಿಂದ ಹೊರಬಂದು ಮೀನು ಹುಡುಕುತ್ತಾ ಈಜೋ ಮರಿಗಳನ್ನು ಮಾತ್ರ ಕೊಲ್ಲುತ್ತದೆ. ಅದಕ್ಕೇ 30 ದಿನ ಒಂದೇ ಮಟ್ಟ. 10ನೇ ದಿನದಿಂದ ಎಣಿಸಿ 40ರವರೆಗೆ ಎರಡು ಹೊತ್ತು ಮೀಟರ್ ಹಿಡಿದೆ. 26ನೇ ದಿನ ಒಂದು ಸಲ 1.8ಕ್ಕೆ ಇಳಿದಿತ್ತು. ತಕ್ಷಣ ಏರಿಸಿದೆ. ಪೂರ್ತಿ ಮೊದಲಿಂದ ಎಣಿಸಬೇಕಾ ಅಂತ ಒಂದು ರಾತ್ರಿ ಯೋಚಿಸಿದೆ. ಎಣಿಸಲಿಲ್ಲ. ಹಿಂದಿನ ರಾತ್ರಿಯ ಅಂಕಿ 2.1 ಇತ್ತು, ನನ್ನ ಬಾಟಲಿಯ ಕೆಳಮಿತಿ 1.5. ಇನ್ನೊಬ್ಬರು ಮತ್ತೆ ಎಣಿಸುತ್ತಿದ್ದರೇನೋ.

40ನೇ ದಿನ ನೀರು ಬದಲಿಸಿ, ಇದ್ದಿಲು ಹಾಕಿ ತಾಮ್ರ ಇಳಿಸಿದೆ.

ಖಾಲಿ ತೊಟ್ಟಿ

ದೊಡ್ಡ ತೊಟ್ಟಿಯಿಂದ ಕೊನೆಯ ಮೀನು, ಅಂದರೆ ಗ್ರಾಮಾ, ಹೊರಬಂದಿದ್ದು 5ನೇ ದಿನದ ನಸುಕಿಗೆ. ಅಲ್ಲಿಂದ 76 ದಿನ ಅದರೊಳಗೆ ಮೀನು ಇರಬಾರದು. ಇಕ್‌ನ ಗೂಡುಗಳು ಹೆಚ್ಚಿನವು ಕೆಲವೇ ವಾರದಲ್ಲಿ ಒಡೆಯುತ್ತವೆ, ಆದರೆ 72 ದಿನದವರೆಗೆ ಕಾದು ಒಡೆದದ್ದೂ ದಾಖಲಾಗಿದೆ. ಮೀನು ಸಿಗದಿದ್ದರೆ ಮರಿಗಳು ಒಂದೆರಡು ದಿನದಲ್ಲಿ ಸಾಯುತ್ತವೆ. ಸೀಗಡಿ, ಹವಳಕ್ಕೆ ಈ ರೋಗ ಹತ್ತೋದಿಲ್ಲ, ಅವು ಅಲ್ಲೇ ಇದ್ದವು. ಬ್ಯಾಕ್ಟೀರಿಯಾ ಹಸಿಯದಿರಲಿ, ಸೀಗಡಿಗೂ ಆಗಲಿ ಅಂತ ಎರಡು ದಿನಕ್ಕೊಮ್ಮೆ ಸ್ವಲ್ಪ ಆಹಾರ ಹಾಕುತ್ತಿದ್ದೆ.

ಈ 76 ದಿನ ಕೆಡೋದು ಒಂದು ಒದ್ದೆ ಕೈಯಿಂದ. ಆಸ್ಪತ್ರೆ ತೊಟ್ಟಿಗೆ ಹಾಕಿದ ಕೈಯನ್ನು ದೊಡ್ಡ ತೊಟ್ಟಿಗೆ ಹಾಕಬಾರದು. ಬಲೆ, ಸಿರಿಂಜು, ಬಕೆಟ್ ಎಲ್ಲ ಬೇರೆ ಬೇರೆ. ನಾನು ಕೆಂಪು ಟೇಪು ಸುತ್ತಿದ್ದೆಲ್ಲ ಆಸ್ಪತ್ರೆಗೆ ಅಂತ ಮಾಡಿಕೊಂಡೆ. ಗಾಳಿ ಗುಳ್ಳೆ ಒಡೆದು ಹಾರೋ ಹನಿಯಲ್ಲೂ ವೆಲ್ವೆಟ್ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗಬಲ್ಲದು. ನನಗೆ ವೆಲ್ವೆಟ್ ಇರಲಿಲ್ಲ, ಆದರೂ ಆಸ್ಪತ್ರೆ ತೊಟ್ಟಿಯನ್ನು ಬೇರೆ ಕೋಣೆಯಲ್ಲೇ ಇಟ್ಟೆ.

ದಿನ 47: ಮೂರನೇ ಬಿಳಿ

ಎಲ್ಲ ಮುಗಿಯಿತು ಅಂದುಕೊಂಡಿದ್ದಾಗ ಕ್ಲೌನಿನ ಎದೆಯ ರೆಕ್ಕೆಯ ಅಂಚಲ್ಲಿ ಒಂದು ಬಿಳಿ. ಎದೆ ಧಸಕ್ಕೆಂದಿತು. ಕೈ ಫಾರ್ಮಲಿನ್ ಬಾಟಲಿಯ ಕಡೆ ಹೋಗಿದ್ದು ನಿಜ. ಹೋದ ಕೈಯನ್ನು ಹಿಂದಕ್ಕೆ ತಂದು ಭೂತಗನ್ನಡಿ ತಗೊಂಡೆ.

ಚುಕ್ಕೆ ಅಲ್ಲ, ಕೆನೆ ಅಲ್ಲ. ಹೂಕೋಸಿನ ಒಂದು ಚೂರು ಅಂಟಿಸಿದ ಹಾಗೆ, ಗುಳ್ಳೆಗುಳ್ಳೆಯಾದ ಗಂಟು. ಕ್ಲೌನ್ ತಿನ್ನುತ್ತಿತ್ತು, ಉಸಿರು ಅರ್ಧ ನಿಮಿಷಕ್ಕೆ 40. ಮರುದಿನ ಅದೇ ಜಾಗ, ಅದೇ ಗಾತ್ರ. ನಾಲ್ಕನೇ ದಿನವೂ ಹಾಗೇ. ಇಕ್‌ನ ಚುಕ್ಕೆ ಇಷ್ಟು ಹೊತ್ತಿಗೆ ಉದುರಿರಬೇಕಿತ್ತು, ಬ್ರುಕ್ಲಿನೆಲ್ಲಾ ಆಗಿದ್ದರೆ ಮೀನೇ ಇರುತ್ತಿರಲಿಲ್ಲ. ಇದು ಲಿಂಫೋಸಿಸ್ಟಿಸ್, ವೈರಸ್ಸಿನದು. ಚರ್ಮದ ಒಂದೊಂದು ಜೀವಕೋಶವೂ ಕಣ್ಣಿಗೆ ಕಾಣೋ ಮಟ್ಟಕ್ಕೆ ಉಬ್ಬಿಕೊಳ್ಳುತ್ತದೆ. ಬಳಲಿದ ಮೀನಿಗೆ ಬರುತ್ತದೆ. ಈ ಕ್ಲೌನ್ ಬಳಲಿದ್ದು ಎಷ್ಟು ಅಂತ ನನಗೆ ಗೊತ್ತಲ್ಲ. ಇದಕ್ಕೆ ಮದ್ದಿಲ್ಲ, ಬಾಯಿಗೋ ಕಿವಿರಿಗೋ ಅಡ್ಡ ಬರದಿದ್ದರೆ ಬೇಕಾಗೂ ಇಲ್ಲ. ಕತ್ತರಿಸೋಕೆ ಹೋದರೆ ಗಾಯ ಕೀವಾಗುತ್ತದೆ. ಒಳ್ಳೇ ಊಟ, ಶುದ್ಧ ನೀರು, ಮತ್ತೆ ಮಾಲೀಕ ಕೈ ಕಟ್ಟಿಕೊಂಡು ಕೂರೋದು. ಕೊನೆಯದೇ ಕಷ್ಟ.

ದಿನ 81

ಮೂರೂ ಮೀನನ್ನು ಡಬ್ಬದಲ್ಲಿ ಒಯ್ದು ದೊಡ್ಡ ತೊಟ್ಟಿಗೆ ಬಿಟ್ಟೆ. ಕ್ಲೌನಿನ ಗಂಟು ಸಾಸಿವೆ ಕಾಳಿನಷ್ಟಾಗಿತ್ತು. ಬೆನ್ನಲ್ಲಿ ಚರ್ಮ ಕಿತ್ತಿದ್ದ ಜಾಗದಲ್ಲಿ ಕಿತ್ತಳೆ ಬಣ್ಣ ತುಸು ತಿಳಿ, ಅಷ್ಟೇ ಗುರುತು. ಗ್ರಾಮಾ ಯಾರ ಮುಖವನ್ನೂ ನೋಡದೆ ಸೀದಾ ಹಳೇ ಬಿಲಕ್ಕೆ ಹೋಯಿತು. ಬಿಲ ಮೊದಲಿದ್ದ ಜಾಗದಲ್ಲಿರಲಿಲ್ಲ, ಅವತ್ತು ರಾತ್ರಿ ನಾನೇ ಬಂಡೆ ತಿರುಗಿಸಿಟ್ಟಿದ್ದೆ. ಎರಡು ಸುತ್ತು ಹಾಕಿ ಹುಡುಕಿಕೊಂಡಿತು.

ಮೇಯೋರು ಇಲ್ಲದೆ 76 ದಿನದಲ್ಲಿ ಬಂಡೆಯ ಮೇಲೆ ಹಸಿರು ಪಾಚಿ ಗೇಣುದ್ದ ಬೆಳೆದಿತ್ತು. ಟ್ಯಾಂಗ್ ಐದು ನಿಮಿಷ ಒಂದು ಮೂಲೆಯಲ್ಲಿ ನಿಂತು ನೋಡಿತು. ಆಮೇಲೆ ಮೂತಿ ಹಾಕಿತು. ಸಂಜೆ ದೀಪ ಆರುವ ಹೊತ್ತಿಗೆ ಎಡಗಡೆಯ ದೊಡ್ಡ ಬಂಡೆಯ ಅರ್ಧ ಬೋಳಾಗಿತ್ತು.